ರೈಸ್‌ಬಾಲ್ ಕಲಿಯಬೇಕಾ, ಡ್ರಾಪ್ ಕಲಿಯಬೇಕಾ? ಸಾಫ್ಟ್‌ಬಾಲ್ ಪಿಚರ್‌ಗೆ ಎರಡನೇ ಪಿಚ್ ಆರಿಸುವ ಬಗೆ

ಅಮೆರಿಕದಲ್ಲಿ ಕಾಲೇಜು ಸಾಫ್ಟ್‌ಬಾಲ್ ಆಡುವ ಆಸೆ ಇರುವ ಹುಡುಗಿಗೆ ಫಾಸ್ಟ್‌ಬಾಲ್ ಒಂದು ಮಟ್ಟಕ್ಕೆ ಕೈಗೆ ಕೂತ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಮುಂದೆ ಯಾವ ಪಿಚ್? (ಪಿಚ್ ಅಂದರೆ ಇಲ್ಲಿ ಕ್ರಿಕೆಟ್‌ನ ಹಾಗೆ ನೆಲದ ಪಟ್ಟಿಯಲ್ಲ, ಪಿಚರ್ ಬ್ಯಾಟರ್ ಕಡೆಗೆ ಎಸೆಯುವ ಎಸೆತ.) ಮೇಲೇ ಉಳಿದಂತೆ ಕಾಣುವ ರೈಸ್‌ಬಾಲ್, ಬೇಗ ಇಳಿಯುವ ಡ್ರಾಪ್, ಅಡ್ಡಕ್ಕೆ ಸರಿಯುವ ಕರ್ವ್, ಅದರ ಎದುರು ದಿಕ್ಕಿಗೆ ಹೋಗುವ ಸ್ಕ್ರೂಬಾಲ್, ವೇಗ ತಗ್ಗಿಸಿದ ಚೇಂಜಪ್. ಐದನ್ನೂ ಒಟ್ಟಿಗೆ ಕಲಿಯಲು ಹೊರಟು ಒಂದೂ ಸರಿಯಾಗಿ ಬಾರದೆ ಹೋಗುವವರೇ ಜಾಸ್ತಿ. ಮಗಳನ್ನು ಪ್ರತಿ ವಾರಾಂತ್ಯ ಟ್ರಾವೆಲ್ ಬಾಲ್ ಟೂರ್ನಿಗೆ ಕರೆದೊಯ್ಯುವ ಅಪ್ಪ ಅಮ್ಮಂದಿರಲ್ಲಿ ಈಗ ಕನ್ನಡದವರೂ ಇದ್ದಾರೆ. ಕ್ರಿಕೆಟ್ ಗೊತ್ತು, ಆದರೆ ಈ ಆಟ ಹೊಸದು. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಚೇಂಜಪ್ ಎಲ್ಲರಿಗೂ ಬೇಕು, ಅದರಲ್ಲಿ ಆಯ್ಕೆಯೇ ಇಲ್ಲ. ಅದರ ಜೊತೆಗೆ ಯಾವುದು ಅನ್ನೋದನ್ನು ಪಿಚ್‌ನ ಹೆಸರು ನೋಡಿ ತೀರ್ಮಾನಿಸಬೇಡಿ. ಅವಳ ಕೈಯಿಂದ ಹೊರಟ ಚೆಂಡು ನಿಜವಾಗಿ ಯಾವ ಅಕ್ಷದ ಮೇಲೆ ತಿರುಗುತ್ತಿದೆ ಅಂತ ನೋಡಿ, ಆಮೇಲೆ ಆರಿಸಿ. ಟಿವಿಯಲ್ಲಿ ಕಾಲೇಜು ಸಾಫ್ಟ್‌ಬಾಲ್‌ನ ಹೆಸರಾಂತ ಪಿಚರ್ ನಿಜಾರಿ ಕ್ಯಾನಡಿಯ ರೈಸ್‌ಬಾಲ್ ನೋಡಿ ಅದೇ ಬೇಕು ಅಂತ ಹಟ ಹಿಡಿಯುವವರು ಬಹಳ. ಆಸೆ ತಪ್ಪಲ್ಲ. ಆದರೆ ಈ ಐದರಲ್ಲಿ ನಿಜವಾದ ಸ್ಪಿನ್ ಬರಿಸಲು ಅತ್ಯಂತ ಕಷ್ಟವಾದ ಪಿಚ್‌ಗಳಲ್ಲಿ ಅದೂ ಒಂದು.

ಮೊದಲು ಸ್ವಲ್ಪ ಲೆಕ್ಕ

ಪಿಚರ್ ನಿಲ್ಲುವ ಪಟ್ಟಿಯಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್‌ಗೆ 43 ಅಡಿ. ಆದರೆ ಅವಳು ಮುಂದಕ್ಕೆ ಹಾರಿ ಎಸೆಯುವುದರಿಂದ ಚೆಂಡು ಕೈ ಬಿಡುವಾಗ ಉಳಿಯುವ ದೂರ ಸುಮಾರು 37 ಅಡಿ. ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿಲೋಮೀಟರ್ ವೇಗದ ಪಿಚ್ ಅಷ್ಟು ದೂರ ದಾಟಲು ತೆಗೆದುಕೊಳ್ಳುವುದು ಹತ್ತಿರ ಹತ್ತಿರ 0.4 ಸೆಕೆಂಡ್. ಬೇಸ್‌ಬಾಲ್‌ನಲ್ಲಿ 95 ಮೈಲಿ ವೇಗದ ಪಿಚ್‌ಗೂ ಹೆಚ್ಚು ಕಡಿಮೆ ಅಷ್ಟೇ ಸಮಯ ಸಿಗುತ್ತದೆ.

ಈ 0.4 ಸೆಕೆಂಡಿನಲ್ಲಿ ಚೆಂಡು ಸುಮ್ನೆ ತನ್ನ ಭಾರಕ್ಕೇ, ಎಸೆದ ಗೆರೆಯಿಂದ ಸುಮಾರು ಎರಡೂವರೆ ಅಡಿ ಕೆಳಗೆ ಬೀಳುತ್ತದೆ. ಸ್ಪಿನ್ ಕೆಲಸ ಶುರುವಾಗುವುದು ಇದರ ಮೇಲೆ. ತಿರುಗುವ ಚೆಂಡು ಗಾಳಿಯನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ, ಗಾಳಿ ಅದನ್ನು ಇನ್ನೊಂದು ಪಕ್ಕಕ್ಕೆ ತಳ್ಳುತ್ತದೆ. ಇದಕ್ಕೆ ಮ್ಯಾಗ್ನಸ್ ಪರಿಣಾಮ ಎನ್ನುತ್ತಾರೆ. ಕಾಲೇಜು ಪಿಚರ್‌ಗಳಲ್ಲಿ ನಿಮಿಷಕ್ಕೆ 1000ದಿಂದ 1400 ಸುತ್ತು ಸಾಮಾನ್ಯ. 12 ಇಂಚು ಸುತ್ತಳತೆಯ ಸಾಫ್ಟ್‌ಬಾಲ್ 1200 ಸುತ್ತಿನಲ್ಲಿ, ಸ್ಪಿನ್ ಪೂರ್ತಿ ಕೆಲಸಕ್ಕೆ ಬಂದರೆ, ಸುಮಾರು ಒಂದು ಅಡಿ ಸರಿಯುತ್ತದೆ.

ಈಗ ಕೂಡಿ ಕಳೆದು ನೋಡಿ. ಬ್ಯಾಕ್‌ಸ್ಪಿನ್ (ಚೆಂಡಿನ ಮೇಲ್ಭಾಗ ಹಿಂದಕ್ಕೆ ತಿರುಗುವುದು) ಇದ್ದರೆ ಚೆಂಡು ಬೀಳುವುದು ಒಂದೂವರೆ ಅಡಿ. ಸ್ಪಿನ್ ಕೆಲಸವೇ ಮಾಡದಿದ್ದರೆ ಎರಡೂವರೆ. ಟಾಪ್‌ಸ್ಪಿನ್ (ಮೇಲ್ಭಾಗ ಮುಂದಕ್ಕೆ ತಿರುಗುವುದು) ಇದ್ದರೆ ಮೂರೂವರೆ. ರೈಸ್‌ಬಾಲ್ ಕೂಡ ಬೀಳುತ್ತಲೇ ಇರುತ್ತದೆ, ಕಡಿಮೆ ಬೀಳುತ್ತದೆ ಅಷ್ಟೇ. ಭಾರವನ್ನೂ ಮೀರಿ ಚೆಂಡನ್ನು ಎತ್ತಬೇಕಾದರೆ ಈಗಿರುವ ಸ್ಪಿನ್‌ನ ಎರಡು ಪಟ್ಟಿಗಿಂತ ಜಾಸ್ತಿ ಬೇಕಾಗುತ್ತದೆ. ಚೆಂಡು ಸೊಂಟದ ಹತ್ತಿರದಿಂದ ಮೇಲ್ಮುಖವಾಗಿ ಹೊರಡುವುದರಿಂದ ಏರುವುದು ಕಣ್ಣಿಗೆ ಕಾಣುತ್ತದೆ, ನಿಜ. ಕೊನೆಯಲ್ಲಿ ಟಕ್ಕಂತ ಮೇಲಕ್ಕೆ ಹಾರಿದಂತೆ ಕಾಣುವುದು ಮಾತ್ರ ಬ್ಯಾಟರ್ ನಿರೀಕ್ಷಿಸಿದಷ್ಟು ಚೆಂಡು ಬೀಳದೆ ಹೋದದ್ದರಿಂದ.

ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ತೀರಾ ಹೊಸದೇನಲ್ಲ. ಕುಂಬ್ಳೆ ಅವರ ಟಾಪ್‌ಸ್ಪಿನ್ನರ್ ಗಾಳಿಯಲ್ಲೇ ಬೇಗ ಇಳಿಯುತ್ತಿದ್ದುದು ಇದೇ ಕಾರಣಕ್ಕೆ. ಆದರೆ ಅಲ್ಲಿ ನೆಲ ಬೌಲರ್‌ಗೆ ಸಹಾಯ ಮಾಡುತ್ತದೆ. ಇಲ್ಲಿ ಚೆಂಡು ನೆಲ ಮುಟ್ಟುವ ಮಾತೇ ಇಲ್ಲ, ಆಗಬೇಕಾದ್ದೆಲ್ಲ ಗಾಳಿಯಲ್ಲೇ ಆಗಬೇಕು.

ಬುಲೆಟ್ ಸ್ಪಿನ್ ಎಂಬ ತೊಡಕು

ಚೆಂಡು ಹೋಗುವ ದಿಕ್ಕಿಗೇ ಅಕ್ಷ ಚಾಚಿಕೊಂಡಿದ್ದರೆ ಅದನ್ನು ಬುಲೆಟ್ ಸ್ಪಿನ್ ಎನ್ನುತ್ತಾರೆ. ಆಗ ಎಷ್ಟು ಜೋರಾಗಿ ತಿರುಗಿದರೂ ಗಾಳಿ ಅದನ್ನು ಯಾವ ಕಡೆಗೂ ತಳ್ಳುವುದಿಲ್ಲ. ನಡುವಿನ ಸ್ಥಿತಿಯೂ ಇದೆ. ಅಕ್ಷ ಸರಿಯಾದ ಜಾಗದಿಂದ ಮುಂದಕ್ಕೆ 60 ಡಿಗ್ರಿ ಓರೆಯಾದರೆ ಕೆಲಸಕ್ಕೆ ಬರುವ ಸ್ಪಿನ್ ಅರ್ಧ ಮಾತ್ರ. ಸ್ಪಿನ್ ಅಳೆಯುವ ಯಂತ್ರ 1300 ಸುತ್ತು ತೋರಿಸುತ್ತದೆ, ಚೆಂಡು 650 ಸುತ್ತಿನಷ್ಟೇ ಸರಿಯುತ್ತದೆ. ಅದಕ್ಕೇ ಬರೀ ಸ್ಪಿನ್ ರೇಟ್ ನೋಡಿ ಖುಷಿಪಡಬೇಡಿ.

ರಾಪ್ಸೋಡೊ, ಟ್ರ್ಯಾಕ್‌ಮ್ಯಾನ್ ತರದ ಯಂತ್ರಗಳು ಬಂದ ಮೇಲೆ ಒಂದು ವಿಷಯ ಬಯಲಾಯಿತು. ರೈಸ್‌ಬಾಲ್ ಅಂತ ಎಸೆಯುತ್ತಿದ್ದ ಪಿಚ್‌ಗಳಲ್ಲಿ ಬಹಳಷ್ಟು ಬುಲೆಟ್ ಸ್ಪಿನ್‌ಗೇ ಹತ್ತಿರ ಇದ್ದವು. ಹಾಗಾದರೆ ಅವು ಕೆಲಸ ಮಾಡುತ್ತಿದ್ದುದು ಹೇಗೆ? ಬೇಸ್‌ಬಾಲ್‌ಗೂ ಸಾಫ್ಟ್‌ಬಾಲ್‌ಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ಬೇಸ್‌ಬಾಲ್‌ನ ಫಾಸ್ಟ್‌ಬಾಲ್‌ಗೆ ಬ್ಯಾಕ್‌ಸ್ಪಿನ್ ತಾನಾಗಿಯೇ ಬರುತ್ತದೆ. ಕೆಳಗಿನಿಂದ ಎಸೆಯುವ ಸಾಫ್ಟ್‌ಬಾಲ್‌ನಲ್ಲಿ ಬೆರಳುಗಳು ಚೆಂಡಿನ ಹಿಂಭಾಗವನ್ನು ಮೇಲಕ್ಕೆ ಎಳೆಯುತ್ತವೆ, ಹಾಗಾಗಿ ಸಾಮಾನ್ಯ ಫಾಸ್ಟ್‌ಬಾಲ್ ಟಾಪ್‌ಸ್ಪಿನ್ ಕಡೆಗೆ ವಾಲುತ್ತದೆ. ಬ್ಯಾಟರ್‌ನ ಕಣ್ಣು ಹೊಂದಿಕೊಂಡಿರುವುದು ಆ ಬೀಳುವ ಚೆಂಡಿಗೆ. ಅದರ ಮುಂದೆ ಬುಲೆಟ್ ಸ್ಪಿನ್‌ನ ಚೆಂಡು ಕೂಡ ಮೇಲೇ ಉಳಿದಂತೆ ಕಾಣುತ್ತದೆ. ಅಂದರೆ ಬುಲೆಟ್ ರೈಸ್ ಪೂರ್ತಿ ದಂಡವಲ್ಲ. ಆದರೆ ಜೋರಾದ ವೇಗವೂ ಎತ್ತರದ ಮೇಲೆ ಹಿಡಿತವೂ ಇದ್ದರೆ ಮಾತ್ರ ಅದು ನಡೆಯುತ್ತದೆ.

ಚೇಂಜಪ್: ಸ್ಪಿನ್ ಇಲ್ಲದೆಯೂ ಬೀಳುವ ಪಿಚ್

ಚೇಂಜಪ್ ಕಲಿಸುವಾಗ ಕಾಣಿಸುವ ಅಸಡ್ಡೆ ನನಗೆ ಅರ್ಥವೇ ಆಗುವುದಿಲ್ಲ. ಲೆಕ್ಕ ಅಷ್ಟು ಸ್ಪಷ್ಟವಾಗಿದೆ. 65 ಮೈಲಿಯ ಫಾಸ್ಟ್‌ಬಾಲ್ ಎಸೆಯುವ ಹುಡುಗಿ ಅದೇ ತೋಳಿನ ವೇಗದಲ್ಲಿ 52 ಮೈಲಿಯ ಚೆಂಡು ಬಿಟ್ಟರೆ ಅದು ಪ್ಲೇಟ್ ತಲುಪಲು ಸುಮಾರು 0.5 ಸೆಕೆಂಡ್ ಬೇಕು. ಅಷ್ಟು ಸಮಯದಲ್ಲಿ ಚೆಂಡು ತನ್ನ ಭಾರಕ್ಕೇ ನಾಲ್ಕು ಅಡಿ ಬೀಳುತ್ತದೆ. ಸ್ಪಿನ್ ಇಲ್ಲದ ಫಾಸ್ಟ್‌ಬಾಲ್‌ಗಿಂತ ಒಂದೂವರೆ ಅಡಿ ಜಾಸ್ತಿ! ಒಳ್ಳೆಯ ಡ್ರಾಪ್‌ಬಾಲ್‌ಗೆ ಟಾಪ್‌ಸ್ಪಿನ್ ಕೊಡುವ ಒಂದು ಅಡಿಗಿಂತಲೂ ಇದು ಹೆಚ್ಚು. ಮೇಲೆ, ಬ್ಯಾಟರ್ ಬೇಗ ಬೀಸಿಬಿಡುವ ಲಾಭ ಬೇರೆ.

ಎಸೆಯುವ ಬಗೆ ಹಲವು. ಕೈಯ ಹಿಂಭಾಗ ಮುಂದೆ ಮಾಡಿ ಬಿಡುವ ಫ್ಲಿಪ್ ಇದೆ, ಗೆಣ್ಣುಗಳ ಮೇಲೆ ಹಿಡಿಯುವ ನಕಲ್ ಇದೆ, ಅಂಗೈಯಲ್ಲಿ ಅಮುಕಿ ಹಿಡಿಯುವುದಿದೆ. ಯಾವುದು ಹಿಡಿದರೂ ಸರಿ. ನೋಡಬೇಕಾದ್ದು ಎರಡೇ. ಫಾಸ್ಟ್‌ಬಾಲ್‌ಗೂ ಇದಕ್ಕೂ ಗಂಟೆಗೆ 10ರಿಂದ 15 ಮೈಲಿ ಅಂತರ ಇದೆಯಾ? ತೋಳು ನಿಧಾನವಾಗದೆ ಹಾಗೇ ಬರುತ್ತಿದೆಯಾ? ತೋಳು ನಿಧಾನವಾದರೆ ಕಾಲೇಜು ಬ್ಯಾಟರ್‌ಗಳು ಅದನ್ನು ಮೊದಲೇ ಹಿಡಿದುಬಿಡುತ್ತಾರೆ. ನಿಧಾನದ ಚೆಂಡನ್ನು ಕಾದು ಹೊಡೆಯುವುದು ಅವರಿಗೆ ಕಷ್ಟವೇನಲ್ಲ.

ಡ್ರಾಪ್: ಬಹುಪಾಲು ಹುಡುಗಿಯರಿಗೆ ಇದೇ ಮೊದಲು

ಫಾಸ್ಟ್‌ಬಾಲ್‌ನಲ್ಲಿ ಆಗಲೇ ಇರುವ ಟಾಪ್‌ಸ್ಪಿನ್ ಅನ್ನು ಇನ್ನಷ್ಟು ಶುದ್ಧ ಮಾಡಿದರೆ ಡ್ರಾಪ್ ಸಿಗುತ್ತದೆ. ಕೈಗೆ ಹೊಸ ಚಲನೆ ಕಲಿಸುವ ಗೋಜು ಕಡಿಮೆ. ಇದನ್ನು ನಾನು ಮುಂದಿಡಲು ಅದೇ ದೊಡ್ಡ ಕಾರಣ.

ಇದರಲ್ಲಿ ಎರಡು ಬಗೆ. ಪೀಲ್ ಡ್ರಾಪ್‌ನಲ್ಲಿ ಬೆರಳುಗಳು ಚೆಂಡಿನ ಹಿಂದೆಯೇ ಇದ್ದು ಮೇಲಕ್ಕೆ ಎಳೆಯುತ್ತವೆ. ರೋಲ್‌ಓವರ್‌ನಲ್ಲಿ ಕೈ ಚೆಂಡಿನ ಮೇಲಿಂದ ಮಗುಚುತ್ತದೆ. ರೋಲ್‌ಓವರ್‌ನಿಂದ ಕೆಲವರಿಗೆ ಜಾಸ್ತಿ ಸ್ಪಿನ್ ಬರುತ್ತದೆ. ಆದರೆ ಮಗುಚುವ ಹೊತ್ತು ಸ್ವಲ್ಪ ತಪ್ಪಿದರೂ ಅಕ್ಷ ಓರೆಯಾಗುತ್ತದೆ, ಮುಂಗೈಗೂ ಎಳೆತ ಜಾಸ್ತಿ. ಚಿಕ್ಕ ವಯಸ್ಸಿನವರಿಗೆ ಪೀಲ್ ಸಾಕು ಅಂತ ನನ್ನ ಅಭಿಪ್ರಾಯ.

ಡ್ರಾಪ್‌ನ ಇನ್ನೊಂದು ಲಾಭ, ತಪ್ಪಾದಾಗಲೂ ನಷ್ಟ ಕಡಿಮೆ. ಬ್ಯಾಟ್ ಚೆಂಡಿನ ಮೇಲ್ಭಾಗಕ್ಕೆ ತಾಗುತ್ತದೆ, ಹೊಡೆತ ನೆಲದ ಮೇಲೆ ಹೋಗುತ್ತದೆ. ಕಾಲೇಜು ಮೈದಾನದ ಬೇಲಿ ಸುಮಾರು 200 ಅಡಿಗೇ ಇರುತ್ತದೆ. ಚೆಂಡು ಗಾಳಿಗೆ ಏರಿದರೆ ಹೋಮ್ ರನ್ ಭಯ ಇದ್ದೇ ಇದೆ, ನೆಲದ ಹೊಡೆತಕ್ಕೆ ಆ ಭಯ ಇಲ್ಲ. ಆದರೆ ತಂಡದ ಇನ್‌ಫೀಲ್ಡ್ (ಬೇಸ್‌ಗಳ ಹತ್ತಿರ ನಿಲ್ಲುವ ಫೀಲ್ಡರ್‌ಗಳು) ಚೆನ್ನಾಗಿರಬೇಕು. ಪ್ರತಿ ನೆಲದ ಚೆಂಡಿಗೂ ಕೈ ತಪ್ಪುವ ತಂಡದಲ್ಲಿ ಡ್ರಾಪ್ ಪಿಚರ್‌ನ ಪಾಡು ಕಷ್ಟ.

ಎಡಗೈಯ ಸ್ಲ್ಯಾಪರ್‌ಗಳ ಎದುರು ಕೂಡ ಇದು ಅಷ್ಟು ಒಳ್ಳೆಯ ಆಯ್ಕೆ ಅಲ್ಲ. ಅವರು ಓಡುತ್ತಲೇ ಚೆಂಡನ್ನು ನೆಲಕ್ಕೆ ತಟ್ಟಿ ಮೊದಲ ಬೇಸ್ ಮುಟ್ಟಲು ನೋಡುತ್ತಾರೆ. ಬೇಸ್ ಬರೀ 60 ಅಡಿ. ಡ್ರಾಪ್ ಎಸೆದರೆ ಅವರಿಗೆ ಬೇಕಾದ್ದನ್ನೇ ಕೊಟ್ಟಂತೆ. ಅವರ ಎದುರು ಎತ್ತರದ ರೈಸ್ ಅಥವಾ ಚೇಂಜಪ್ ಮೇಲು.

ರೈಸ್‌ಬಾಲ್: ಯಾರಿಗೆ ಬೇಕು, ಯಾರಿಗೆ ಬೇಡ

ನಿಜವಾದ ಬ್ಯಾಕ್‌ಸ್ಪಿನ್ ಬರಬೇಕಾದರೆ ಬೆರಳುಗಳು ಚೆಂಡಿನ ಕೆಳಗೆ ಹೋಗಿ ಅದರ ತಳವನ್ನು ಮುಂದಕ್ಕೆ ಕೊಯ್ಯಬೇಕು. ತೋಳು ಗರಗರನೆ ಸುತ್ತಿ ಕೆಳಗೆ ಬರುವ ವೇಗದಲ್ಲಿ ಇದನ್ನು ಮಾಡುವುದು ಸುಲಭ ಅಲ್ಲ. ಬಾಗಿಲ ಹಿಡಿ ತಿರುಗಿಸಿದ ಹಾಗೆ ಮಣಿಕಟ್ಟು ತಿರುವು ಅಂತ ಹಲವು ಕಡೆ ಹೇಳಿಕೊಡುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ. ಹಾಗೆ ತಿರುವಿದರೆ ಅಕ್ಷ ಬ್ಯಾಟರ್ ಕಡೆಗೆ ಮುಖ ಮಾಡುತ್ತದೆ, ಸಿಗುವುದು ಬುಲೆಟ್ ಸ್ಪಿನ್.

ಬಂದರೆ ಮಾತ್ರ ಇದರಂಥ ಪಿಚ್ ಇನ್ನೊಂದಿಲ್ಲ. ಅಲಬಾಮದ ಮೊಂಟಾನಾ ಫೌಟ್ಸ್ 2021ರ ಮಹಿಳಾ ಕಾಲೇಜು ವರ್ಲ್ಡ್ ಸೀರೀಸ್‌ನಲ್ಲಿ ಯುಸಿಎಲ್‌ಎ ವಿರುದ್ಧ ಪರ್ಫೆಕ್ಟ್ ಗೇಮ್ (ಎದುರಾಳಿಗಳಲ್ಲಿ ಒಬ್ಬರೂ ಬೇಸ್ ಮುಟ್ಟದ ಪಂದ್ಯ) ಎಸೆದಳು. ಅವಳ ಹೆಸರು ಬಂದರೆ ಜನರ ಬಾಯಲ್ಲಿ ಮೊದಲು ಬರುವುದು ರೈಸ್‌ಬಾಲ್. ಸ್ಟ್ಯಾನ್‌ಫರ್ಡ್‌ನಿಂದ ಟೆಕ್ಸಾಸ್ ಟೆಕ್‌ಗೆ ಹೋದ ಕ್ಯಾನಡಿ 2025ರಲ್ಲಿ ತನ್ನ ತಂಡವನ್ನು ಫೈನಲ್‌ವರೆಗೆ ಎಳೆದುಕೊಂಡು ಹೋದಳು. ಅಲ್ಲಿ ಮೂರು ಪಂದ್ಯಗಳ ಸರಣಿಯಲ್ಲಿ ಎದುರಾಳಿ ಟೆಕ್ಸಾಸ್ ವಿಶ್ವವಿದ್ಯಾಲಯ ಗೆದ್ದಿತು. ಇಬ್ಬರಿಗೂ ರೈಸ್ ಹಿಂದೆ ಒಳ್ಳೆಯ ವೇಗ ಇತ್ತು ಅನ್ನೋದನ್ನು ಮರೆಯಬಾರದು.

ವೇಗ ಸಾಧಾರಣವಾಗಿದ್ದು ಸ್ಪಿನ್ ಕೂಡ ಬುಲೆಟ್ ಆಗಿದ್ದರೆ ರೈಸ್‌ಬಾಲ್ ಅಪಾಯದ ಪಿಚ್. ಎತ್ತರ ಸ್ವಲ್ಪ ತಪ್ಪಿ ಹೊಟ್ಟೆಯ ಮಟ್ಟಕ್ಕೆ ಬಂದರೆ ಅದು ಬೇಲಿಯಾಚೆ ಹೋಗುವ ಚೆಂಡು. ಇನ್ನೊಂದು ಸಂಗತಿ, ಕಾಲೇಜು ಬ್ಯಾಟರ್‌ಗಳು ಎತ್ತರದ ಚೆಂಡನ್ನು ಸುಮ್ನೆ ಬಿಡಲು ಕಲಿತಿರುತ್ತಾರೆ. ಹೈಸ್ಕೂಲಲ್ಲಿ ಕುತ್ತಿಗೆ ಮಟ್ಟದ ಚೆಂಡಿಗೂ ಬೀಸುತ್ತಿದ್ದವರು ಅಲ್ಲಿ ಸಿಗುವುದಿಲ್ಲ. ಹೈಸ್ಕೂಲಿನ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್ ಆಗುವುದು) ಲೆಕ್ಕ ನೋಡಿ ರೈಸ್ ಸರಿಯಾಗಿದೆ ಅಂದುಕೊಂಡವರು ಮೋಸ ಹೋಗುವುದು ಇಲ್ಲೇ.

ಕರ್ವ್ ಮತ್ತು ಸ್ಕ್ರೂ

ಅಡ್ಡಕ್ಕೆ ಸರಿಯುವ ಪಿಚ್‌ಗಳ ಬಗ್ಗೆ ನನಗೆ ಉತ್ಸಾಹ ಕಡಿಮೆ. ಬ್ಯಾಟ್‌ನ ದಪ್ಪ ಎರಡೂಕಾಲು ಇಂಚು ಮಾತ್ರ, ಉದ್ದ ಅದರ ಎಷ್ಟೋ ಪಟ್ಟು. ಚೆಂಡು ಮೇಲೆ ಕೆಳಗೆ ಎರಡು ಇಂಚು ಸರಿದರೆ ಹೊಡೆತ ಕೆಡುತ್ತದೆ. ಅಡ್ಡಕ್ಕೆ ಎರಡು ಇಂಚು ಸರಿದರೆ ಬ್ಯಾಟ್‌ನ ಇನ್ನೊಂದು ಜಾಗಕ್ಕೆ ತಾಗುತ್ತದೆ, ಅಷ್ಟೇ ಅಲ್ವಾ? ಹಾಗಾಗಿ ಕರ್ವ್ ಉಪಯೋಗಕ್ಕೆ ಬರಬೇಕಾದರೆ ಅದು ಪ್ಲೇಟಿನ ಅಂಚಿನಿಂದ ಹೊರಗೆ ಹೋಗಬೇಕು. ನಡುವಿನಿಂದ ನಡುವಿಗೆ ಸರಿಯುವ ಕರ್ವ್ ಬ್ಯಾಟರ್‌ಗೆ ಕೊಟ್ಟ ಉಡುಗೊರೆ.

ಬಲಗೈ ಪಿಚರ್‌ನ ಕರ್ವ್ ಬಲಗೈ ಬ್ಯಾಟರ್‌ನಿಂದ ದೂರ ಹೋಗುತ್ತದೆ. ಅಕ್ಷ ನೆಟ್ಟಗೆ ನಿಂತಿರಬೇಕು, ಆಗಲೇ ಪೂರ್ತಿ ಸರಿತ. ಸ್ವಲ್ಪ ಟಾಪ್‌ಸ್ಪಿನ್ ಬೆರೆತು ಡ್ರಾಪ್ ಕರ್ವ್ ಆದರೆ ಇನ್ನೂ ಒಳ್ಳೆಯದು. ಅಡ್ಡ ಸರಿಯುತ್ತಾ ಇಳಿಯುವ ಚೆಂಡಿಗೆ ಬ್ಯಾಟ್ ಹೊಂದಿಸುವುದು ಕಷ್ಟ. ಡ್ರಾಪ್ ಕಲಿಯಲು ಹೊರಟ ಹುಡುಗಿಗೆ ಇದು ತಾನಾಗಿಯೇ ಬರುತ್ತಿದ್ದರೆ ತಿದ್ದಲು ಹೋಗಬೇಡಿ.

ಸ್ಕ್ರೂಬಾಲ್ ಕೊನೆಯದು. ಬಲಗೈ ಬ್ಯಾಟರ್‌ನ ಒಳಕ್ಕೆ, ಎಡಗೈ ಬ್ಯಾಟರ್‌ನ ಹೊರಕ್ಕೆ ಹೋಗುವ ಪಿಚ್ ಇದು. ನಿಜವಾದ ಅಡ್ಡ ಸ್ಪಿನ್ ಬರಿಸಲು ಕೈಯನ್ನು ತಿರುಗಿಸಬೇಕಾದ ದಿಕ್ಕು ಬಹಳ ಪ್ರಯಾಸದ್ದು. ಹೆಚ್ಚಿನ ಸ್ಕ್ರೂಬಾಲ್‌ಗಳು ಸರಿಯುವುದಕ್ಕಿಂತ ಓರೆಯಾಗಿ ಬರುತ್ತವೆ. ಪಿಚರ್ ಎಡಕ್ಕೆ ಹೆಜ್ಜೆ ಇಟ್ಟು ಬಲಕ್ಕೆ ಎಸೆಯುತ್ತಾಳೆ, ಕೋನವೇ ಅರ್ಧ ಕೆಲಸ ಮಾಡುತ್ತದೆ. ಸ್ಲ್ಯಾಪರ್‌ಗಳು ತುಂಬಿರುವ ತಂಡಗಳ ಎದುರು ಅದೂ ಬೇಕಾಗಬಹುದು. ಮೂರನೆಯದೋ ನಾಲ್ಕನೆಯದೋ ಪಿಚ್ ಆಗಿ ಬರಲಿ.

ಯಾವ ಸ್ಪಿನ್ ಅಂತ ನೋಡೋದು ಹೇಗೆ

ದುಬಾರಿ ಯಂತ್ರ ಇಲ್ಲದಿದ್ದರೂ ನಡೆಯುತ್ತದೆ. ಚೆಂಡಿನ ಸುತ್ತ ಕಪ್ಪು ಟೇಪಿನ ಒಂದು ಪಟ್ಟಿ ಅಂಟಿಸಿ. ಬೆರಳುಗಳು ಪಟ್ಟಿಯ ಉದ್ದಕ್ಕೇ ಕೂರುವಂತೆ ಹಿಡಿದು ಎಸೆಯಲಿ. ಕ್ಯಾಚರ್ ಹಿಂದಿನ ಬಲೆಯ ಆಚೆಯಿಂದ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಯಿರಿ. ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಫೋನ್ ಸಾಕು. 1200 ಸುತ್ತಿನ ಚೆಂಡು ಸೆಕೆಂಡಿಗೆ 20 ಸಲ ತಿರುಗುತ್ತದೆ, ಒಂದು ಸುತ್ತಿಗೆ 12 ಫ್ರೇಮ್ ಸಿಗುತ್ತದೆ. ಕೈ ಬಿಟ್ಟು ಪ್ಲೇಟ್ ತಲುಪುವವರೆಗೆ ಚೆಂಡು ತಿರುಗುವುದೇ ಎಂಟು ಸಲ.

ರೈಸ್ ಅಥವಾ ಡ್ರಾಪ್ ಶುದ್ಧವಾಗಿದ್ದರೆ ಪಟ್ಟಿ ಅಲುಗದೆ ಉದ್ದ ಗೆರೆಯಾಗಿ ನಿಲ್ಲುತ್ತದೆ. ಕರ್ವ್ ಶುದ್ಧವಾಗಿದ್ದರೆ ಅದೇ ಗೆರೆ ಮಲಗಿರುತ್ತದೆ. ಪಟ್ಟಿ ಚೆಂಡಿನ ಮುಖದ ಮೇಲೆ ಗಿರಗಿರ ಸುತ್ತುತ್ತಾ ನಡುವೆ ಒಂದು ಚುಕ್ಕೆ ನಿಂತಂತೆ ಕಂಡರೆ ಅದು ಬುಲೆಟ್. ಹೆಸರು ಏನೇ ಇಟ್ಟಿರಲಿ.

ಯಂತ್ರ ಸಿಕ್ಕರೆ ಮೂರು ಅಂಕಿ ಕೇಳಿ: ಕೆಲಸಕ್ಕೆ ಬರುವ ಸ್ಪಿನ್ ಶೇಕಡಾ ಎಷ್ಟು, ಅಕ್ಷದ ದಿಕ್ಕು ಯಾವುದು, ಚೆಂಡು ಎಷ್ಟು ಇಂಚು ಸರಿಯಿತು. ದಿಕ್ಕನ್ನು ಗಡಿಯಾರದ ಲೆಕ್ಕದಲ್ಲಿ, ಸ್ಪಿನ್ ಚೆಂಡನ್ನು ತಳ್ಳುವ ಕಡೆಯ ಗಂಟೆಯಾಗಿ ಹೇಳುತ್ತಾರೆ. ಪಿಚರ್ ಕಡೆಯಿಂದ ನೋಡಿದರೆ 12 ಗಂಟೆ ಬ್ಯಾಕ್‌ಸ್ಪಿನ್, 6 ಗಂಟೆ ಟಾಪ್‌ಸ್ಪಿನ್. ಬಲಗೈಯವಳ ಕರ್ವ್ 9ರ ಕಡೆ, ಸ್ಕ್ರೂ 3ರ ಕಡೆ. ಯಾರ ಕಡೆಯಿಂದ ನೋಡಿದ ಗಡಿಯಾರ ಅಂತ ಮೊದಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ಕರ್ವ್ ಹೋಗಿ ಸ್ಕ್ರೂ ಆಗಿಬಿಡುತ್ತದೆ.

ಹೊಲಿಗೆಯ ಮಾತು ಬೇರೆಯೇ ಇದೆ. ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಟನ್ ಸ್ಮಿತ್ ಬೇಸ್‌ಬಾಲ್ ಮೇಲೆ ಮಾಡಿದ ಕೆಲಸದಿಂದ, ಹೊಲಿಗೆ ಎಲ್ಲಿ ಕೂತಿದೆ ಅನ್ನೋದೂ ಚೆಂಡನ್ನು ಸರಿಸಬಲ್ಲದು ಅಂತ ಗೊತ್ತಾಯಿತು. ಸಾಫ್ಟ್‌ಬಾಲ್‌ನ ಹೊಲಿಗೆಯೂ ಉಬ್ಬಿರುತ್ತದೆ. ಹಿಡಿತ ಬದಲಿಸಿ ನೋಡಲು ಇದೊಂದು ಒಳ್ಳೆಯ ನೆಪ. ಆದರೆ ಅಕ್ಷ ನೆಟ್ಟಗಾಗುವ ಮೊದಲು ಇದರ ಹಿಂದೆ ಬೀಳಬೇಡಿ.

ವೇಗವೋ, ಸ್ಪಿನ್ನೋ

ಅದೇ ಸ್ಪಿನ್ ಇಟ್ಟುಕೊಂಡು ವೇಗ ಏರಿಸಿದರೆ ಚೆಂಡು ಸರಿಯುವುದು ಕಡಿಮೆಯಾಗುತ್ತದೆ. ಗಾಳಿಗೆ ತಳ್ಳಲು ಸಮಯ ಸಿಗುವುದಿಲ್ಲ. ಹಾಗಾಗಿ 60 ಮೈಲಿಯ ಪಿಚರ್‌ಗೆ ತನ್ನದೇ ಆದ ಅನುಕೂಲ ಇದೆ.

ಕಾಲೇಜು ಸ್ಟ್ರೈಕ್‌ಔಟ್ ಪಟ್ಟಿಯ ತುದಿಯಲ್ಲೇ ಎರಡೂ ಬಗೆಯವರು ಸಿಗುತ್ತಾರೆ. ಟೆನೆಸಿಯ ಮೋನಿಕಾ ಆ್ಯಬಟ್ 2,440 ಸ್ಟ್ರೈಕ್‌ಔಟ್ ಮಾಡಿದಳು. ಅವಳು ವೇಗದವಳು, ಕಾಲೇಜು ಮುಗಿದ ಮೇಲೆ 2012ರಲ್ಲಿ 77 ಮೈಲಿ ಎಸೆದು ದಾಖಲೆ ಮಾಡಿದಳು. ಎರಡನೆಯವಳು ಟೆಕ್ಸಾಸ್‌ನ ಕ್ಯಾಟ್ ಓಸ್ಟರ್‌ಮನ್, 2,265. ಅವಳದ್ದು ಆ ಮಟ್ಟದ ವೇಗವೇ ಅಲ್ಲ. ಎಡಗೈಯ ಡ್ರಾಪ್, ಕರ್ವ್, ಚೆಂಡಿನ ಸರಿತ ಇವೇ ಅವಳ ಬಂಡವಾಳ. ಆ್ಯಬಟ್‌ನ ವೇಗವನ್ನು 2025ರಲ್ಲಿ ಅದೇ ಟೆನೆಸಿಯ ಕಾರ್ಲಿನ್ ಪಿಕನ್ಸ್ ಮೀರಿಸಿದಳು, 79.4 ಮೈಲಿ. ಅಂಥ ವೇಗದಲ್ಲಿ ಬ್ಯಾಟರ್‌ಗೆ ಸಿಗುವುದು 0.3 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ನಾಲ್ಕು ಇಂಚು ಸರಿದರೂ ಸಾಕಾಗುತ್ತದೆ.

ಈಗ ಆಯ್ಕೆಗೆ ಬರೋಣ. ವೇಗ ಸಾಧಾರಣ, ಫಾಸ್ಟ್‌ಬಾಲ್‌ನ ಅಕ್ಷ 6 ಗಂಟೆಯ ಹತ್ತಿರ ಇದೆ ಅಂದರೆ ಚೇಂಜಪ್ ಮತ್ತು ಪೀಲ್ ಡ್ರಾಪ್. ಅಕ್ಷ 7 ಅಥವಾ 8ರ ಕಡೆ ವಾಲುತ್ತಿದ್ದರೆ ಅದನ್ನೇ ಡ್ರಾಪ್ ಕರ್ವ್ ಮಾಡಿ. ವೇಗ ಚೆನ್ನಾಗಿದ್ದು ಸ್ಪಿನ್ ಹೆಚ್ಚಾಗಿ ಬುಲೆಟ್ ಆಗಿದ್ದರೆ ರೈಸ್ ಪ್ರಯತ್ನಿಸಬಹುದು, ಆದರೆ ಎದೆಯ ಮಟ್ಟಕ್ಕಿಂತ ಕೆಳಗೆ ಬಿಡಬಾರದು. ಟೇಪಿನ ಪಟ್ಟಿ ನೆಟ್ಟಗೆ ನಿಂತು ಹಿಂದಕ್ಕೆ ತಿರುಗುವುದು ಕಂಡರೆ ಅಂಥ ಕೈ ಅಪರೂಪ, ಬೇರೆಲ್ಲ ಪಕ್ಕಕ್ಕಿಟ್ಟು ಅದನ್ನೇ ಬೆಳೆಸಿ. ಅವಳಿಗೆ ಮುಂದೆ ಡ್ರಾಪ್ ಕೂಡ ಬಂದರೆ, ಒಂದೇ ಗೆರೆಯಲ್ಲಿ ಹೊರಟ ಎರಡು ಚೆಂಡುಗಳ ನಡುವೆ ಪ್ಲೇಟ್ ಹತ್ತಿರ ಎರಡು ಅಡಿ ಅಂತರ ಬೀಳುತ್ತದೆ. ಕಾಲೇಜು ಕೋಚ್‌ಗಳು ಹುಡುಕುವ ಜೋಡಿ ಅದು. ಪಿಚ್ ಕರೆಯುವುದು ಹೆಚ್ಚಾಗಿ ಕೋಚ್‌ಗಳೇ ಆದ್ದರಿಂದ, ಹೇಳಿದಾಗ ಹೇಳಿದ ಜಾಗಕ್ಕೆ ಬೀಳುವ ಮೂರು ಪಿಚ್ ಇರುವವಳ ಮೇಲೆ ಅವರಿಗೆ ನಂಬಿಕೆ ಜಾಸ್ತಿ.

ಕೊನೆಯದಾಗಿ ಊರು ಮತ್ತು ಗಾಳಿ. ವರ್ಲ್ಡ್ ಸೀರೀಸ್ ನಡೆಯುವ ಓಕ್ಲಹೋಮಾ ಸಿಟಿಯಲ್ಲಿ ಗಾಳಿ ಜೋರು. ಪಿಚರ್‌ನ ಎದುರಿನಿಂದ ಬೀಸಿದರೆ ಎಲ್ಲ ಸ್ಪಿನ್ನೂ ಜಾಸ್ತಿ ಕೆಲಸ ಮಾಡುತ್ತದೆ, ಬೆನ್ನಿನಿಂದ ಬೀಸಿದರೆ ಕಡಿಮೆ. ಸಮುದ್ರ ಮಟ್ಟದಿಂದ 5,000 ಅಡಿ ಎತ್ತರದ ಅಲ್ಬುಕರ್ಕಿಯಂಥ ಊರಲ್ಲಿ ಗಾಳಿಯೇ ತೆಳು. ಕರ್ವ್ ಅಲ್ಲಿ ಒಂದೆರಡು ಇಂಚು ಕಡಿಮೆ ತಿರುಗುತ್ತದೆ, ರೈಸ್ ಸ್ವಲ್ಪ ಕೆಳಗೆ ಬರುತ್ತದೆ. ಅಂಥ ಕಡೆ ಆಡಲು ಹೋದರೆ ವಾರ್ಮಪ್‌ನಲ್ಲೇ ರೈಸ್‌ಬಾಲ್ ಯಾವ ಎತ್ತರಕ್ಕೆ ಬರುತ್ತಿದೆ ಅಂತ ಕ್ಯಾಚರ್ ಹತ್ತಿರ ಕೇಳಿಕೊಳ್ಳಿ. ಚೇಂಜಪ್‌ಗೆ ಈ ತೊಂದರೆ ಅಷ್ಟಾಗಿ ಇಲ್ಲ.